ಪಕ್ಕದ ಕುದುರೆಗೂ ಬರುತ್ತಾ?

ಕುದುರೆ ಸಾಕುವವರು, ಲಾಯದಲ್ಲಿ ಕೆಲಸ ಮಾಡುವವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಪಶುವೈದ್ಯನಾಗಿ ನಾನು ತುಂಬಾ ಸಲ ಕೇಳಿಸಿಕೊಂಡ ಒಂದು ಪ್ರಶ್ನೆ ಇದೆ. ಅದರಿಂದಲೇ ಶುರು ಮಾಡುತ್ತೇನೆ. ಲಾಯದಲ್ಲಿ ಒಂದು ಕುದುರೆ ತೂರಾಡುತ್ತಿರುತ್ತದೆ. ಹಿಂಗಾಲು ಎಳೆಯುತ್ತಿರುತ್ತದೆ. ಕೆಳದುಟಿ ಜೋತುಬಿದ್ದಿರುತ್ತದೆ. ಇದು ಸೊಳ್ಳೆಯಿಂದ ಬರುವ ವೈರಸ್ ರೋಗ ಇರಬಹುದು ಅಂತ ನಾನು ಹೇಳಿದ ತಕ್ಷಣ ಮಾಲೀಕರು ಕೇಳುತ್ತಾರೆ: "ಡಾಕ್ಟ್ರೇ, ಪಕ್ಕದ ಕುದುರೆಗೂ ಬರುತ್ತಾ?"

ಈ ಕುದುರೆಯಿಂದ ಬರುವುದಿಲ್ಲ. ಆದರೆ ಈ ಕುದುರೆಗೆ ಎಲ್ಲಿಂದ ಬಂತೋ ಅಲ್ಲಿಂದಲೇ ಪಕ್ಕದ್ದಕ್ಕೂ ಬರಬಹುದು. ಮೊದಲ ಮಾತು ಕೇಳಿ ಸಮಾಧಾನಪಟ್ಟು, ಎರಡನೆಯದನ್ನು ಮರೆತುಬಿಡುವವರೇ ಜಾಸ್ತಿ. ಹಾಗಾಗಿ ಇವತ್ತು ಆ ಎರಡನೆಯ ಮಾತಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಈ ಗುಂಪಿನಲ್ಲಿ ಹೆಚ್ಚು ದೂರ ಹರಡಿರುವುದು ವೆಸ್ಟ್ ನೈಲ್ ವೈರಸ್. 1937ರಲ್ಲಿ ಉಗಾಂಡಾ ದೇಶದ ವೆಸ್ಟ್ ನೈಲ್ ಜಿಲ್ಲೆಯಲ್ಲಿ ಜ್ವರ ಬಂದಿದ್ದ ಒಬ್ಬ ಹೆಂಗಸಿನ ರಕ್ತದಲ್ಲಿ ಅದು ಮೊದಲು ಸಿಕ್ಕಿತು. ಹೆಸರು ಬಂದಿದ್ದೂ ಆ ಜಿಲ್ಲೆಯಿಂದಲೇ. ಆದರೆ ಅದರ ನಿಜವಾದ ಮನೆ ಮನುಷ್ಯರಲ್ಲ, ಕುದುರೆಯೂ ಅಲ್ಲ. ಅದು ಹಕ್ಕಿಗಳ ವೈರಸ್. ಸೊಳ್ಳೆ ಹಕ್ಕಿಯನ್ನು ಕಚ್ಚುತ್ತದೆ, ವೈರಸ್ ಸೊಳ್ಳೆಯ ಮೈಯಲ್ಲಿ ಬೆಳೆಯುತ್ತದೆ, ಅದೇ ಸೊಳ್ಳೆ ಇನ್ನೊಂದು ಹಕ್ಕಿಯನ್ನು ಕಚ್ಚುತ್ತದೆ. ಈ ಸುತ್ತು ಸದ್ದಿಲ್ಲದೆ ನಡೆಯುತ್ತಲೇ ಇರುತ್ತದೆ. ಕುದುರೆ ಸಿಕ್ಕಿಕೊಳ್ಳುವುದು ದಾರಿ ತಪ್ಪಿದ ಒಂದು ಕಡಿತದಿಂದ. ಹಕ್ಕಿಯನ್ನೂ ಕಚ್ಚಿ ಪ್ರಾಣಿಯನ್ನೂ ಕಚ್ಚುವ ಸೊಳ್ಳೆಗಳಿವೆಯಲ್ಲ, ವೈರಸ್ ಅವುಗಳ ಮೂಲಕ ಈಚೆಗೆ ದಾಟುತ್ತದೆ. ಅವನ್ನು ನಾವು ಸೇತುವೆ ಸೊಳ್ಳೆ ಅನ್ನುತ್ತೇವೆ.

ಕುದುರೆಯ ಮೈಗೆ ಬಂದ ಮೇಲೆ ವೈರಸ್ಸಿಗೆ ಮುಂದೆ ದಾರಿಯಿಲ್ಲ. ಕುದುರೆಯ ರಕ್ತದಲ್ಲಿ ಅದು ತುಂಬಾ ಕಡಿಮೆ ಇರುತ್ತದೆ, ಅದೂ ಕೆಲವೇ ದಿನ. ಆ ಕುದುರೆಯನ್ನು ಕಚ್ಚಿದ ಸೊಳ್ಳೆಗೆ ರೋಗ ಹಚ್ಚುವಷ್ಟು ವೈರಸ್ ಸಿಗುವುದಿಲ್ಲ. ಹೀಗಾಗಿ ರೋಗ ಬಂದ ಕುದುರೆಯನ್ನು ದೂರ ಕಟ್ಟಬೇಕಿಲ್ಲ, ಅದರ ಬಾನಿ, ಲಗಾಮು ಎಸೆಯಬೇಕಿಲ್ಲ. ಹೆದರಿಕೆಯಲ್ಲಿ ಜನ ಕಾಯಿಲೆ ಬಿದ್ದ ಕುದುರೆಯ ಹತ್ತಿರವೇ ಹೋಗದೆ ಇದ್ದದ್ದನ್ನು ನೋಡಿದ್ದೇನೆ. ಆರೈಕೆ ಬೇಕಾದ ಹೊತ್ತಿನಲ್ಲೇ ಅದು ಒಂಟಿಯಾಗುತ್ತದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನನ್ನ ವೃತ್ತಿಯವರೊಬ್ಬರ ಕಥೆಯನ್ನು ಇಲ್ಲಿ ಹೇಳಬೇಕು. 1999ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಕಾಗೆಗಳು ಸತ್ತು ಬೀಳತೊಡಗಿದವು. ಅದೇ ಹೊತ್ತಿಗೆ ಕೆಲವು ಜನ ಮಿದುಳಿನ ಉರಿಯೂತದಿಂದ ಆಸ್ಪತ್ರೆ ಸೇರಿದರು. ಜನರ ರೋಗವನ್ನು ಮೊದಲು ಸೇಂಟ್ ಲೂಯಿಸ್ ಮಿದುಳು ಜ್ವರ ಅಂದುಕೊಂಡರು, ಅದೂ ಸೊಳ್ಳೆಯಿಂದ ಬರುವ ಇನ್ನೊಂದು ವೈರಸ್ ರೋಗ. ಅಲ್ಲಿನ ಬ್ರಾಂಕ್ಸ್ ಮೃಗಾಲಯದ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ ಅದನ್ನು ಒಪ್ಪಲಿಲ್ಲ. ಮೃಗಾಲಯದ ಹಕ್ಕಿಗಳೂ ಸಾಯುತ್ತಿದ್ದವು. ಸೇಂಟ್ ಲೂಯಿಸ್ ವೈರಸ್ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ. ಹಕ್ಕಿಗಳ ಸಾವೂ ಜನರ ಕಾಯಿಲೆಯೂ ಒಂದೇ ಇರಬಹುದು ಅಂತ ಅವರು ಪಟ್ಟು ಹಿಡಿದು ಮಾದರಿಗಳನ್ನು ಪರೀಕ್ಷೆಗೆ ಕಳಿಸಿದರು. ಅಮೆರಿಕ ಖಂಡ ಅದುವರೆಗೆ ಕಂಡಿರದ ವೆಸ್ಟ್ ನೈಲ್ ವೈರಸ್ ಹೊರಬಂತು. ಅದೇ ವರ್ಷ ಪಕ್ಕದ ಲಾಂಗ್ ಐಲೆಂಡಿನಲ್ಲಿ ಕುದುರೆಗಳಿಗೂ ರೋಗ ಬಂತು. ಮೂರೇ ವರ್ಷ. 2002ರಲ್ಲಿ ಅಮೆರಿಕದಲ್ಲಿ ಸುಮಾರು 15,000 ಕುದುರೆಗಳಿಗೆ ಈ ರೋಗ ತಗುಲಿತ್ತು.

ನಿಮ್ಮ ಜಾಗದ ಸುತ್ತ ಕಾಗೆಯಂಥ ಹಕ್ಕಿಗಳು ಕಾರಣವಿಲ್ಲದೆ ಸಾಯುತ್ತಿದ್ದರೆ ದಯವಿಟ್ಟು ಸುಮ್ಮನಿರಬೇಡಿ. ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಕುದುರೆಗೆ ರೋಗ ಬರುವ ಮುಂಚೆ ಸಿಗುವ ಸುಳಿವು ಅದೊಂದೇ ಇರಬಹುದು.

ವೆಸ್ಟ್ ನೈಲ್ ಒಂದೇ ಅಲ್ಲ, ಬೇರೆಯವೂ ಇವೆ. ಈಸ್ಟರ್ನ್ ಎಕ್ವೈನ್ ಎನ್ಸೆಫಲೈಟಿಸ್ ಇವುಗಳಲ್ಲಿ ತೀರಾ ಕ್ರೂರಿ. ಎನ್ಸೆಫಲೈಟಿಸ್ ಅಂದರೆ ಮಿದುಳಿನ ಉರಿಯೂತ. ಅಮೆರಿಕದ ಪೂರ್ವ ಭಾಗದ ಜೌಗು ಕಾಡುಗಳಲ್ಲಿ ಹಕ್ಕಿ ಮತ್ತು ಸೊಳ್ಳೆಗಳ ನಡುವೆ ಸುತ್ತುತ್ತದೆ. 1831ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ 75 ಕುದುರೆಗಳನ್ನು ಕೊಂದ ರೋಗ ಇದೇ ಇರಬೇಕು ಅಂತ ಈಗ ಭಾವಿಸುತ್ತಾರೆ. ವೈರಸ್ ಕೈಗೆ ಸಿಕ್ಕಿದ್ದು 1933ರಲ್ಲಿ, ಸತ್ತ ಕುದುರೆಗಳ ಮಿದುಳಿನಿಂದ. ಲಕ್ಷಣ ಕಾಣಿಸಿದ ಮೇಲೆ ಎರಡು ಮೂರು ದಿನದಲ್ಲೇ ಕುದುರೆ ಸಾಯಬಹುದು. ರೋಗ ಬಿದ್ದ 10 ಕುದುರೆಗಳಲ್ಲಿ 8 ಅಥವಾ 9 ಉಳಿಯುವುದಿಲ್ಲ. ಅದರ ತಮ್ಮನಂತಿರುವ ವೆಸ್ಟರ್ನ್ ಎಕ್ವೈನ್ ಎನ್ಸೆಫಲೈಟಿಸ್ ಅಷ್ಟು ಕೊಲ್ಲುವುದಿಲ್ಲ. 1930ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹ್ವಾಕಿನ್ ಕಣಿವೆಯಲ್ಲಿ ವಿಜ್ಞಾನಿ ಕಾರ್ಲ್ ಮೇಯರ್ ಅದನ್ನು ಕುದುರೆಯ ಮಿದುಳಿನಲ್ಲಿ ಕಂಡುಹಿಡಿದರು. ಇತ್ತೀಚಿನ ಕೆಲವು ದಶಕ ಅದರ ಸುದ್ದಿಯೇ ಅಡಗಿತ್ತು. 2023ರ ಕೊನೆಯಲ್ಲಿ ಅರ್ಜೆಂಟೀನಾ, ಉರುಗ್ವೆಗಳಲ್ಲಿ ಒಮ್ಮೆಲೇ ಎದ್ದು ಬಂದು ದೊಡ್ಡ ಸಂಖ್ಯೆಯಲ್ಲಿ ಕುದುರೆಗಳನ್ನು ಕೊಂದಿತು. ಜನರಿಗೂ ತಗುಲಿತು. ರೋಗ ಕಾಣುತ್ತಿಲ್ಲ, ಇನ್ನು ಲಸಿಕೆ ಯಾಕೆ ಅಂತ ಕೇಳುವವರಿಗೆ ನಾನು ಈ ಘಟನೆಯನ್ನೇ ಹೇಳುತ್ತೇನೆ.

ಏಷ್ಯಾದಲ್ಲಿ ಜಪಾನೀಸ್ ಎನ್ಸೆಫಲೈಟಿಸ್ ಇದೆ. ನಮ್ಮಲ್ಲಿ ಮಿದುಳು ಜ್ವರ ಅಂದರೆ ಜನರಿಗೆ ಮೊದಲು ನೆನಪಾಗುವುದು ಅದೇ. ಬೆಳ್ಳಕ್ಕಿ, ಬಕದಂಥ ನೀರಹಕ್ಕಿಗಳಲ್ಲಿ ಮತ್ತು ಹಂದಿಗಳಲ್ಲಿ ವೈರಸ್ ಬೆಳೆಯುತ್ತದೆ. ಭತ್ತದ ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹೊತ್ತು ತರುತ್ತದೆ. 1949ರಲ್ಲಿ ಜಪಾನಿನಲ್ಲಿ 3,600ಕ್ಕೂ ಹೆಚ್ಚು ಕುದುರೆಗಳಿಗೆ ಬಂದಿತ್ತು. ಆಮೇಲೆ ಲಸಿಕೆ ಬಳಕೆ ಹೆಚ್ಚಿದ ಹಾಗೆ ಕುದುರೆಗಳಲ್ಲಿ ಅದು ಅಪರೂಪವಾಯಿತು. ಈ ರೋಗದಲ್ಲೂ ಕುದುರೆಯಿಂದ ಮುಂದಕ್ಕೆ ಹರಡುವುದಿಲ್ಲ.

ಒಂದರಲ್ಲಿ ಮಾತ್ರ ನಾನು ಮೊದಲು ಹೇಳಿದ ಮಾತು ಸುಳ್ಳಾಗುತ್ತದೆ. ವೆನಿಜುವೆಲನ್ ಎಕ್ವೈನ್ ಎನ್ಸೆಫಲೈಟಿಸ್ ದೊಡ್ಡದಾಗಿ ಹರಡುವಾಗ ಕುದುರೆಯ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತದೆ. ಆಗ ಒಂದು ಕುದುರೆಯನ್ನು ಕಚ್ಚಿದ ಸೊಳ್ಳೆ ಇನ್ನೊಂದಕ್ಕೆ, ಮನುಷ್ಯನಿಗೆ, ಸಿಕ್ಕಿದವರಿಗೆಲ್ಲ ಹಚ್ಚುತ್ತದೆ. 1969ರಲ್ಲಿ ಮಧ್ಯ ಅಮೆರಿಕದಲ್ಲಿ ಎದ್ದ ಅಲೆ ಮೆಕ್ಸಿಕೋ ದಾಟಿ 1971ರಲ್ಲಿ ಟೆಕ್ಸಾಸ್ ತಲುಪಿತು. ಕುದುರೆಗಳ ಓಡಾಟ ನಿಲ್ಲಿಸಿ, ಲಕ್ಷಗಟ್ಟಲೆ ಕುದುರೆಗಳಿಗೆ ಲಸಿಕೆ ಹಾಕಿ, ಸೊಳ್ಳೆಗೆ ಔಷಧಿ ಸಿಂಪಡಿಸಿ ಅದನ್ನು ತಡೆದರು. ಆ ರೋಗ ಇರುವ ದೇಶಗಳಲ್ಲಿ ಮಾತ್ರ ಕಾಯಿಲೆಯ ಕುದುರೆಯನ್ನು ಸೊಳ್ಳೆ ಮುಟ್ಟದ ಹಾಗೆ ದೂರ ಇಡಲೇಬೇಕು.

ಇನ್ನು ಲಕ್ಷಣಗಳಿಗೆ ಬರುತ್ತೇನೆ. ಈ ಭಾಗವನ್ನು ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ಇಲ್ಲಿ ಕಳೆದುಹೋಗುವ ಒಂದೊಂದು ದಿನವೂ ದುಬಾರಿ.

ವೆಸ್ಟ್ ನೈಲ್ ತಗುಲಿದ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗುವುದೇ ಇಲ್ಲ. ಕೆಲವಕ್ಕೆ ಮಾತ್ರ ವೈರಸ್ ಮಿದುಳಿಗೆ, ಬೆನ್ನುಹುರಿಗೆ ಇಳಿಯುತ್ತದೆ. ಹಾಗೆ ರೋಗ ಕಾಣಿಸಿಕೊಂಡವುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಾಯುತ್ತದೆ, ಇಲ್ಲವೇ ನೋವಿನಿಂದ ಬಿಡಿಸಲು ದಯಾಮರಣ ಕೊಡಬೇಕಾಗುತ್ತದೆ. ಕಚ್ಚಿದ ದಿನದಿಂದ ಲಕ್ಷಣ ಕಾಣಲು ಸುಮಾರು 3ರಿಂದ 15 ದಿನ ಹಿಡಿಯುತ್ತದೆ.

ನಾನು ಮರೆಯಲಾಗದ ಒಂದು ಹೆಣ್ಣು ಕುದುರೆ ಇದೆ. ಕಂದು ಬಣ್ಣ, ಒಳ್ಳೆ ಸ್ವಭಾವ. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಬೆಳಿಗ್ಗೆ ಹುರುಳಿ ಹಾಕಲು ಹೋದಾಗ ಅದರ ಮೂತಿಯ ಚರ್ಮ ಸಣ್ಣಗೆ ಅದುರುತ್ತಿತ್ತಂತೆ. ನೊಣ ಕೂತಾಗ ಅದುರುವ ಹಾಗೆ, ಆದರೆ ನೊಣ ಇರಲಿಲ್ಲ. ಮೈ ಮುಟ್ಟಿದರೆ ಬೆಚ್ಚಿಬೀಳುತ್ತಿತ್ತು. ಮಧ್ಯಾಹ್ನ ಹಿಂಗಾಲಿನ ಗೊರಸಿನ ತುದಿ ನೆಲಕ್ಕೆ ಉಜ್ಜುತ್ತಿತ್ತು. ಜ್ವರ ನೋಡಿದರು, ಇರಲಿಲ್ಲ. ಕಾಲಿಗೆ ಪೆಟ್ಟಾಗಿರಬೇಕು ಅಂದುಕೊಂಡು ಎರಡು ದಿನ ಬಿಟ್ಟರು. ಮೂರನೆಯ ದಿನ ಅದು ತಿರುಗುವಾಗ ಹಿಂಭಾಗ ಒಂದು ಕಡೆಗೆ ವಾಲಿ ಗೋಡೆಗೆ ಬಡಿದುಕೊಂಡಿತು. ಆಗ ನನಗೆ ಫೋನ್ ಬಂತು.

ಅವರದ್ದೇನೂ ತಪ್ಪಿಲ್ಲ. ಈ ರೋಗ ಶುರುವಾಗುವುದೇ ಹಾಗೆ. ಮಿದುಳಿನ ರೋಗ ಅಂದಮೇಲೆ ಜೋರು ಜ್ವರ, ಹುಚ್ಚಾಟ ಇರುತ್ತದೆ ಅಂತ ನಾವು ಕಾಯುತ್ತೇವೆ. ವೆಸ್ಟ್ ನೈಲ್‌ನಲ್ಲಿ ಎಷ್ಟೋ ಕುದುರೆಗಳಿಗೆ ಜ್ವರವೇ ಇರುವುದಿಲ್ಲ. ಮೂತಿ, ಕತ್ತಿನ ಸ್ನಾಯು ಅದುರುವುದು, ಮುಟ್ಟಿದರೆ ಬೆಚ್ಚುವುದು, ಹಿಂಗಾಲಿನ ಬಲ ಕುಂದುವುದು, ತುಟಿ ಜೋಲುವುದು. ಕೆಲವು ಸಲ ಹೊಟ್ಟೆನೋವಿನ ಹಾಗೆ ಕಾಣುತ್ತದೆ. ಆದರೆ ಈಸ್ಟರ್ನ್‌ನಲ್ಲಿ ಜೋರು ಜ್ವರ ಬರುತ್ತದೆ. ಕುದುರೆ ಮಂಕಾಗಿ, ಗೋಡೆಗೆ ತಲೆ ಒತ್ತಿ ನಿಂತು, ನಿಂತಲ್ಲೇ ಸುತ್ತು ಹಾಕತೊಡಗುತ್ತದೆ. ಕಣ್ಣೂ ಕಾಣದಂತಾಗಬಹುದು.

ಒಂದು ಎಚ್ಚರಿಕೆ ಹೇಳಲೇಬೇಕು. ತೂರಾಡುವ, ಜೊಲ್ಲು ಸುರಿಸುವ, ನುಂಗಲಾರದ ಕುದುರೆಗೆ ರೇಬೀಸ್ ಕೂಡ ಇರಬಹುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಪರೀಕ್ಷೆ ಆಗುವವರೆಗೆ ಬರಿಗೈಯನ್ನು ಅದರ ಬಾಯಿಗೆ ಹಾಕಬೇಡಿ. ಗ್ಲೌಸ್ ಹಾಕಿಕೊಳ್ಳಿ, ಒಬ್ಬಿಬ್ಬರೇ ನೋಡಿಕೊಳ್ಳಿ. ಬಾಯಿಗೆ ಔಷಧಿ, ಗಂಜಿ ಸುರಿಯಲೂಬೇಡಿ. ನುಂಗಲಾಗದ ಕುದುರೆಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವೈದ್ಯರು ರಕ್ತ ತೆಗೆದುಕೊಂಡು ವೆಸ್ಟ್ ನೈಲ್ ಇದೆಯಾ ಅಂತ ನೋಡಬಹುದು. ಲಸಿಕೆ ಯಾವಾಗ ಹಾಕಿಸಿದ್ದಿರಿ ಅನ್ನುವುದನ್ನು ಅವರಿಗೆ ಸರಿಯಾಗಿ ಹೇಳಿ, ವರದಿ ಓದಲು ಅದು ಬೇಕಾಗುತ್ತದೆ.

ವೈರಸ್ ಕೊಲ್ಲುವ ಔಷಧಿ ಇದೆಯಾ? ಇಲ್ಲ. ಉರಿಯೂತ ತಗ್ಗಿಸುವ ಮದ್ದು, ಡ್ರಿಪ್, ಆರೈಕೆ, ಇಷ್ಟೇ. ಆದರೆ ಈ ಆರೈಕೆ ಸಣ್ಣ ಮಾತಲ್ಲ. ಸುಮಾರು 450 ಕಿಲೋ ತೂಕದ ಪ್ರಾಣಿ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಅದರ ಭಾರಕ್ಕೇ ಕೆಳಗಿನ ಸ್ನಾಯು ಸಾಯುತ್ತದೆ, ಚರ್ಮ ಹುಣ್ಣಾಗುತ್ತದೆ. ದಪ್ಪಗೆ ಹುಲ್ಲು ಹಾಸಬೇಕು. ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದಕ್ಕೆ ನಾಲ್ಕೈದು ಜನ ಬೇಕು. ತಲೆ ಗೋಡೆಗೆ ಬಡಿಯದ ಹಾಗೆ ಹಾಸಿಗೆ ಕಟ್ಟಬೇಕು. ನೀರು, ಹುಲ್ಲನ್ನು ಬಾಯಿಯ ಮಟ್ಟಕ್ಕೆ ತರಬೇಕು. ಏಳಲು ಹವಣಿಸುವ ಕುದುರೆಯನ್ನು ಪಟ್ಟಿ ಕಟ್ಟಿ ಮೇಲಿನಿಂದ ಆಸರೆ ಕೊಟ್ಟು ನಿಲ್ಲಿಸಬಹುದು. ತಾನೇ ಎದ್ದು ನಿಲ್ಲುವ ಕುದುರೆಗೆ ಉಳಿಯುವ ಅವಕಾಶ ಚೆನ್ನಾಗಿದೆ. ಏಳಲಾಗದೆ ಬಿದ್ದದ್ದಕ್ಕೆ ತುಂಬಾ ಕಡಿಮೆ.

ಬಂದ ಮೇಲೆ ಮಾಡುವುದು ಇಷ್ಟು ಕಷ್ಟ. ಬರುವ ಮುಂಚೆ ಮಾಡಬಹುದಾದದ್ದು ಇದರ ಮುಂದೆ ತುಂಬಾ ಸುಲಭ.

ಲಸಿಕೆ ಮೊದಲು. ಕುದುರೆಗೆ ವೆಸ್ಟ್ ನೈಲ್ ಲಸಿಕೆ 2001ರಿಂದಲೇ ಬಳಕೆಯಲ್ಲಿದೆ. ಈಸ್ಟರ್ನ್, ವೆಸ್ಟರ್ನ್, ವೆನಿಜುವೆಲನ್, ಜಪಾನೀಸ್ ರೋಗಗಳಿಗೂ ಲಸಿಕೆ ಇವೆ. ಒಂದರ ಲಸಿಕೆ ಇನ್ನೊಂದನ್ನು ತಡೆಯುತ್ತದೆ ಅಂತ ನಂಬಿಕೊಳ್ಳಬೇಡಿ. ಯಾವ ಜಾಗದಲ್ಲಿ ಯಾವ ರೋಗ ಇದೆ, ಅಲ್ಲಿ ಯಾವ ಲಸಿಕೆಗೆ ಅನುಮತಿ ಇದೆ ಅನ್ನುವುದನ್ನು ಅಲ್ಲಿನ ಪಶುವೈದ್ಯರು ಹೇಳಬೇಕು. ಕುದುರೆಯನ್ನು ಬೇರೆ ದೇಶಕ್ಕೆ ಕಳಿಸುವುದಿದ್ದರೆ ಹೋಗುವ ಜಾಗದ ರೋಗವನ್ನೂ ಮೊದಲೇ ಕೇಳಿಕೊಳ್ಳಿ.

ತಪ್ಪಾಗುವುದು ಹೆಚ್ಚಾಗಿ ಸಮಯದಲ್ಲಿ. ಮೊದಲ ಸಲ ಹಾಕಿಸುವ ಕುದುರೆಗೆ ಸಾಮಾನ್ಯವಾಗಿ ಎರಡು ಡೋಸ್ ಬೇಕು, ನಡುವೆ 3ರಿಂದ 6 ವಾರ ಅಂತರ. ಒಂದು ಡೋಸ್ ಹಾಕಿಸಿ ಎರಡನೆಯದನ್ನು ಮರೆತರೆ ರಕ್ಷಣೆ ಅರ್ಧಕ್ಕೇ ನಿಂತಂತೆ. ಎರಡನೆಯದರ ನಂತರವೂ ಮೈ ತಯಾರಾಗಲು ಒಂದೆರಡು ವಾರ ಬೇಕು. ಹಾಗಾಗಿ ಸೊಳ್ಳೆ ಎದ್ದ ಮೇಲೆ ಚುಚ್ಚುಮದ್ದಿಗೆ ಓಡಿದರೆ ತಡವಾಗಿರುತ್ತದೆ. ಸೊಳ್ಳೆ ಕಾಲ ಶುರುವಾಗುವ ಮುಂಚೆಯೇ ಎಲ್ಲ ಮುಗಿದಿರಬೇಕು. ಆಮೇಲೆ ವರ್ಷಕ್ಕೊಮ್ಮೆ. ವರ್ಷವಿಡೀ ಸೊಳ್ಳೆ ಇರುವ ಕಡೆ ಅಥವಾ ಅಪಾಯ ಹೆಚ್ಚಿರುವ ಕಡೆ ಆರು ತಿಂಗಳಿಗೊಮ್ಮೆ ಹಾಕಿಸಲು ವೈದ್ಯರು ಹೇಳಬಹುದು. ಗಬ್ಬದ ಕುದುರೆಗೆ ಮರಿ ಹಾಕುವ 4ರಿಂದ 6 ವಾರ ಮುಂಚೆ ಕೊಟ್ಟರೆ ಗಿಣ್ಣು ಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ಆ ಮರಿಗೆ ಅದರದ್ದೇ ಲಸಿಕೆ ಸುಮಾರು 4ರಿಂದ 6 ತಿಂಗಳಿನಲ್ಲಿ ಶುರುವಾಗುತ್ತದೆ.

ಈಗ ನೀರಿನ ಕಡೆ ಬರೋಣ. ಬೆಚ್ಚಗಿನ ಕಾಲದಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಆ ದಿನಗಳೆಲ್ಲ ಅದು ನೀರಲ್ಲೇ ಇರಬೇಕು. ಅದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ ಅಲ್ವಾ? ಹಾರಾಡುವ ಸೊಳ್ಳೆಯನ್ನು ಹಿಡಿಯಲಾಗದು. ನೀರಲ್ಲಿ ಕುಣಿಯುವ ಹುಳು ಎಲ್ಲಿಗೂ ಓಡಿಹೋಗದು. ಕುದುರೆ ಕುಡಿಯುವ ತೊಟ್ಟಿಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆದು ಹೊಸ ನೀರು ತುಂಬಿಸಿದರೆ ಅಲ್ಲಿ ಒಂದು ಸೊಳ್ಳೆಯೂ ಹುಟ್ಟುವುದಿಲ್ಲ. ಮೇಲೆ ಇನ್ನಷ್ಟು ನೀರು ಸುರಿದರೆ ಸಾಲದು.

ಆದರೆ ತೊಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ನೀರೇ ಜಾಸ್ತಿ ತೊಂದರೆ ಕೊಡುವುದು. ಮಳೆ ನಿಂತು ಎರಡು ದಿನಕ್ಕೆ ಲಾಯದ ಸುತ್ತ ಒಮ್ಮೆ ನಿಧಾನವಾಗಿ ನಡೆದು ನೋಡಿ. ಹುಲ್ಲಿನ ಮೆದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆಯಲ್ಲಿ ನೀರು. ಅದನ್ನು ಹಿಡಿದಿಡಲು ಇಟ್ಟ ಹಳೆ ಟೈರಿನೊಳಗೆ ನೀರು. ಗೇಟಿನ ಹತ್ತಿರ ಕೆಸರಲ್ಲಿ ಗೊರಸು ಊರಿದ ಒಂದೊಂದು ಗುಳಿಯಲ್ಲೂ ನೀರು. ಸೂರಿನ ದೋಣಿಯಲ್ಲಿ ಎಲೆ ಕಟ್ಟಿ ನಿಂತ ನೀರು. ಮೈ ತೊಳೆಯುವ ಜಾಗದ ಮೋರಿ. ಲದ್ದಿ ರಾಶಿಯಿಂದ ಇಳಿದು ಹೊಂಡದಲ್ಲಿ ನಿಂತ ಕಪ್ಪು ನೀರಂತೂ ಕ್ಯೂಲೆಕ್ಸ್ ಸೊಳ್ಳೆಗೆ ತುಂಬಾ ಇಷ್ಟ, ಅದು ಕೊಳೆನೀರಲ್ಲಿ ಚೆನ್ನಾಗಿ ಬೆಳೆಯುತ್ತದೆ. ಬೋರಲು ಹಾಕಬಹುದಾದ್ದನ್ನು ಬೋರಲು ಹಾಕಿ, ತುಂಬಬಹುದಾದ್ದನ್ನು ಮಣ್ಣಿನಿಂದ ತುಂಬಿ. ಹೊಂಡ ದೊಡ್ಡದಿದ್ದರೆ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಬಿಲ್ಲೆ ಸಿಗುತ್ತದೆ. ಅದು ಸೊಳ್ಳೆ ಹುಳುವನ್ನು ಕೊಲ್ಲುತ್ತದೆ, ಕುದುರೆಗೆ ಏನೂ ಮಾಡುವುದಿಲ್ಲ. ಹೊಗೆ ಹೊಡೆಯುವುದರಿಂದ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ ಸಾಯುತ್ತದೆ. ನೀರು ಹಾಗೇ ಇದ್ದರೆ ಮುಂದಿನ ವಾರ ಹೊಸ ಸೊಳ್ಳೆ ತಯಾರು.

2011ರಲ್ಲಿ ಆಸ್ಟ್ರೇಲಿಯಾದಲ್ಲಿ ಭಾರಿ ಮಳೆ, ಪ್ರವಾಹದ ನಂತರ ವೆಸ್ಟ್ ನೈಲ್‌ನ ಅಲ್ಲಿನ ತಳಿಯೇ ನೂರಾರು ಕುದುರೆಗಳಿಗೆ ರೋಗ ಹಚ್ಚಿತು. ಅದಕ್ಕೂ ಮುಂಚೆ ಆ ತಳಿಯನ್ನು ಯಾರೂ ಅಷ್ಟು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಳೆ ಜಾಸ್ತಿಯಾದ ವರ್ಷ ಎಚ್ಚರವೂ ಜಾಸ್ತಿ ಇರಲಿ.

ಉಳಿದದ್ದು ಸಂಜೆಯ ಕೆಲಸ. ಕ್ಯೂಲೆಕ್ಸ್ ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ. ಆ ಹೊತ್ತಿಗೆ ಕುದುರೆ ಒಳಗಿರಲಿ, ಕಿಟಕಿ ಬಾಗಿಲಿಗೆ ಸೊಳ್ಳೆ ಪರದೆ ಇರಲಿ. ಲಾಯದೊಳಗೆ ರಾತ್ರಿಯಿಡೀ ಬಲ್ಬ್ ಉರಿಸಬೇಡಿ. ಸೊಳ್ಳೆ ಗಟ್ಟಿಯಾಗಿ ಹಾರುವ ಹುಳುವಲ್ಲ, ಒಂದು ಒಳ್ಳೆ ಫ್ಯಾನಿನ ಗಾಳಿಗೇ ಅದು ಕುದುರೆಯ ಮೈ ಮೇಲೆ ಕೂರಲಾರದು. ಫ್ಯಾನು, ವೈರು ಮಾತ್ರ ಕುದುರೆಯ ಬಾಯಿಗೆ ಎಟುಕದ ಹಾಗೆ ಕಟ್ಟಿ. ಹಗಲು ಕಚ್ಚುವ ಸೊಳ್ಳೆಗಳೂ ಇವೆ, ಅವಕ್ಕೆ ಮೈಗೆ ಹೊದಿಸುವ ಬಲೆಬಟ್ಟೆ, ಕುದುರೆಗೆಂದೇ ಮಾಡಿದ ಪರ್ಮೆಥ್ರಿನ್ ಅನ್ನುವ ಕೀಟನಾಶಕದ ಸ್ಪ್ರೇ ಸಹಾಯ ಮಾಡುತ್ತವೆ. ಬಟ್ಟೆ ಮುಚ್ಚದ ಹೊಟ್ಟೆಯ ಅಡಿ, ಕಾಲುಗಳಿಗೆ ಸ್ಪ್ರೇ ಹಾಕುವುದನ್ನು ಮರೆಯಬೇಡಿ. ಬೆವರಿದ ಮೇಲೆ, ಮೈ ತೊಳೆದ ಮೇಲೆ ಮತ್ತೆ ಹಾಕಬೇಕು. ಲಾಯದಲ್ಲಿ ಬೆಕ್ಕು ಇದ್ದರೆ ಜೋಪಾನ, ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಮಾತು ಮುಗಿದ ಮೇಲೆ ಹಲವರು ಕೈ ಎತ್ತಿದರು.

ಮೊದಲು ಕೇಳಿದ್ದು ಒಬ್ಬ ತಾಯಿ. "ನನ್ನ ಮಗಳು ದಿನಾ ಕುದುರೆ ಮೈ ಉಜ್ಜುತ್ತಾಳೆ. ಅವಳಿಗೆ ಬರುತ್ತಾ ಸರ್?" ವೆಸ್ಟ್ ನೈಲ್ ಇರುವ ಕುದುರೆಯನ್ನು ಮುಟ್ಟಿದರೆ, ಸವಾರಿ ಮಾಡಿದರೆ ಬರುವುದಿಲ್ಲಮ್ಮ. ಆದರೆ ಕುದುರೆಯನ್ನು ಕಚ್ಚಿದಂಥ ಸೊಳ್ಳೆಗಳು ಅದೇ ಅಂಗಳದಲ್ಲಿ ಅವಳನ್ನೂ ಕಚ್ಚಬಹುದು. ಕುದುರೆಗಾದರೆ ಲಸಿಕೆ ಇದೆ, ಮನುಷ್ಯರಿಗೆ ವೆಸ್ಟ್ ನೈಲ್ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ. ಸಂಜೆ ಲಾಯಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿಸಿ, ಸೊಳ್ಳೆ ನಿವಾರಕ ಹಚ್ಚಿ ಕಳಿಸಿ.

ಇನ್ನೊಬ್ಬರು ಆಫ್ರಿಕನ್ ಹಾರ್ಸ್ ಸಿಕ್‌ನೆಸ್ ಅನ್ನುವ ಕುದುರೆ ರೋಗದ ಬಗ್ಗೆ ಕೇಳಿದರು. ಅದನ್ನು ಹರಡುವುದು ಮುಖ್ಯವಾಗಿ ರಕ್ತ ಹೀರುವ ನುಸಿ, ಸೊಳ್ಳೆಯಲ್ಲ. ನುಸಿ ಎಷ್ಟು ಸಣ್ಣದು ಅಂದರೆ ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲೇ ನುಸುಳಿ ಬರುತ್ತದೆ. ಆ ರೋಗದ ಭಯ ಇರುವ ಕಡೆ ತೀರಾ ಸಣ್ಣ ಕಣ್ಣಿನ ಪರದೆ ಬೇಕು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು. "ನೀವು ಹೇಳಿದ ಆ ಕಂದು ಕುದುರೆ ಏನಾಯ್ತು?"

ಅದು ಬಿದ್ದಿತ್ತು, ಒಂದೂವರೆ ದಿನ. ಆ ಹುಡುಗ ಮನೆಗೇ ಹೋಗಲಿಲ್ಲ. ಅವನೂ ಅವನ ಜೊತೆಯವರೂ ಸೇರಿ ರಾತ್ರಿಯೆಲ್ಲ ಅದರ ಮಗ್ಗುಲು ಬದಲಿಸಿದರು. ಎರಡನೆಯ ದಿನ ಮಧ್ಯಾಹ್ನ ಮುಂಗಾಲು ಊರಿತು, ಜಾರಿತು, ಮತ್ತೆ ಊರಿತು. ಸಂಜೆಗೆ ನಾವು ಆಸರೆ ಕೊಟ್ಟ ಮೇಲೆ ಎದ್ದು ನಿಂತಿತು. ಒಂದು ವಾರಕ್ಕೆ ಮೂತಿ ಅದುರುವುದು ನಿಂತಿತು. ಸರಿಯಾಗಿ ನಡೆಯಲು ಐದು ತಿಂಗಳು ಹಿಡಿಯಿತು. ಈಗಲೂ ಎಡಕ್ಕೆ ತಿರುಗುವಾಗ ಹಿಂಗಾಲಿನ ಗೊರಸು ಸ್ವಲ್ಪ ಉಜ್ಜುತ್ತದೆ, ಹಾಗಾಗಿ ಸವಾರಿಗೆ ಬಳಸುವುದಿಲ್ಲ. ಹುಡುಗ ದಿನಾ ಅದನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಬರುತ್ತಾನೆ, ಯಾವಾಗಲೂ ಬಲಕ್ಕೆ ತಿರುಗುವ ದಾರಿಯಲ್ಲಿ.